ಮೊಮ್ಮಗಳು ಕಾಯಿಸಿದ ದಾರ

ಬೇರೆಯವರ ಮನೆಯಲ್ಲಿ ನಗೋ ಸಂಗತಿ ಹಬ್ಬಕ್ಕೊಂದು ನಡೆದರೆ ಹೆಚ್ಚು, ನಮ್ಮನೆಯಲ್ಲಿ ಸಂತೆಗೊಂದು ನಡೆಯುತ್ತೆ. ನಾನು ಕಲಿತಿದ್ದು ಎರಡನೇ ಕ್ಲಾಸು, ಅದೂ ಮೇಷ್ಟ್ರ ಮನೆಗೆ ಮಜ್ಜಿಗೆ ಹೊತ್ತು ಪಾಸಾಗಿದ್ದು. ಆದರೆ ಬಾಬುರಾಯನಕೊಪ್ಪಲಿನಲ್ಲಿ ಯಾರ ಒಲೆ ಮೇಲೆ ಏನು ಬೇಯ್ತಾ ಇದೆ, ಯಾರ ಹೊಟ್ಟೆಯಲ್ಲಿ ಏನು ಕುದೀತಾ ಇದೆ ಅನ್ನೋದು ನನಗೆ ತಿಳಿಯದೆ ಉಳಿದಿಲ್ಲ. ಅಂಥ ನನ್ನ ಮನೆಯ ಸುದ್ದಿಯನ್ನೇ ನಾಲ್ಕು ತಾಲೂಕು ಹೊತ್ತು ತಿರುಗಿದ ಕಾಲ ಒಂದು ಬಂತು. ತೊಂಬತ್ತರ ಮೇಲಿನ ಇಸವಿ, ಟೀವಿ ಮನೆಮನೆಗೆ ಬಂದಿದ್ದರೂ ಬಾಯಿಗಳಿಗೆ ಇನ್ನೂ ಕೆಲಸ ಇತ್ತು. ಎಲ್ಲಕ್ಕೂ ಕಾರಣ ಒಂದು ನೈಲಾನ್ ದಾರ.

ಒಂದು: ಕೀಳೋ ಓದು

ನನ್ನ ಮಗಳನ್ನು ಕೊಟ್ಟಿರೋದು ಕೆ.ಆರ್. ಪೇಟೆ ತಾಲೂಕಿನ ಸಿಂಧಘಟ್ಟಕ್ಕೆ. ಅಳಿಯಂದಿರಿಗೆ ಗದ್ದೆ ಇದೆ, ಡೇರಿಗೆ ಹಾಲು ಹಾಕೋ ಹಸುಗಳಿವೆ, ಜೊತೆಗೆ ಮೂಗಿನ ತುದಿಯಲ್ಲಿ ಕೋಪ ಇದೆ. ಅವರ ದೊಡ್ಡ ಮಗಳು, ಅಂದರೆ ನನ್ನ ಮೊಮ್ಮಗಳು, ಇಂಜಿನಿಯರಿಂಗು ಮುಗಿಸಿ ಅದರ ಮೇಲಿನದ್ದನ್ನೂ ಓದ್ತೀನಿ ಅಂತ ನಾಗಮಂಗಲದ ಕಡೆ ಒಂದು ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿದ್ದಳು. ನಮ್ಮ ವಂಶದಲ್ಲಿ ಅಷ್ಟು ಓದಿದ ಗಂಡಸೇ ಇಲ್ಲ, ಇನ್ನು ಹೆಂಗಸಿನ ಮಾತೆಲ್ಲಿ. ರಜೆಯಲ್ಲಿ ಅಪ್ಪನ ಮನೆಗೆ ಹೋದರೆ ಮದುವೆ ಮಾತು ತೆಗೀತಾರೆ ಅಂತ ನನ್ನ ಮನೆಗೇ ಬರೋಳು.

ಅಳಿಯಂದಿರು ಒಂದು ಷರತ್ತು ಹಾಕಿದ್ದರು.

"ಓದ್ಲಿ ಅತ್ತೆ, ಬ್ಯಾಡ ಅನ್ನಲ್ಲ. ಆದ್ರೆ ಅವ್ಳ ಮ್ಯಾಲೆ ಒಂದು ಮಾತು ನನ್ ಕಿವಿಗೆ ಬಿದ್ರೆ ಅವತ್ತೇ ಓದು ನಿಂತೋಯ್ತು. ಗಂಡು ರೆಡಿ ಐತೆ."

ಗಂಡು ಅಂದರೆ ಅವರ ಅಕ್ಕನ ಮಗ. ಟ್ರಾಕ್ಟರಿಗೂ ಹೆಂಡತಿಗೂ ಒಂದೇ ಕೀಲಿ ಸಾಕು ಅಂದುಕೊಂಡಿರೋ ಆಸಾಮಿ. ಈ ಹುಡುಗಿಯ ಓದು ಉಳೀಬೇಕಾದರೆ ಅವಳ ಹೆಸರು ಯಾರ ಬಾಯಿಗೂ ಬೀಳಬಾರದು, ಅಷ್ಟೇ.

ನಮ್ಮ ಎದುರುಮನೆಯವಳ ಬಾಯಿ ಸುಮ್ಮನಿರೋ ಅಂಥದ್ದಲ್ಲ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ನಾಲಿಗೆಯಲ್ಲಿ ನನ್ನ ಸಮ. ಒಂದು ದಿನ ಕೇಳಿದಳು, ನಿನ್ನ ಮೊಮ್ಮಗಳು ಅಲ್ಲಿ ಓದೋದಾದರೂ ಏನು ಅಂತ. ನನಗೆ ಹುಡುಗಿ ಹೇಳಿದ್ದು ನೆನಪಿತ್ತು. ನೈಲಾನು, ಪ್ಲಾಸ್ಟಿಕ್ಕು ಇಂಥವಕ್ಕೆ ಪಾಲಿಮರ್ ಅಂತಾರಂತೆ. ಅದರ ಎಳೆಯನ್ನು ಕಾಯಿಸಿ, ಕರೆಂಟಿನ ಬೆಳಕಿನಲ್ಲಿಟ್ಟು, ಆಮೇಲೆ ಮಿಶನ್ನಿಗೆ ಕಚ್ಚಿಸಿ ಎಳೆಯೋದು. ಎಷ್ಟು ಜೋರಿಗೆ ಕಿತ್ತುಹೋಗುತ್ತೆ ಅಂತ ನೋಡೋದು. ನಾನು ಚಿಕ್ಕದಾಗಿ ಹೇಳಿದೆ, ದಾರ ಕೀಳೋದು ಓದ್ತಾವಳೆ ಅಂತ.

"ಕೀಳಾಕೂ ಕಾಲೇಜು ಬೇಕಾ ಅಕ್ಕ?"

"ಬೇಕು ಕಣೆ. ಓದು ಬರದೋರು ಕೀಳಾಕೋದ್ರೆ ಸಂಸಾರ ಕಿತ್ತೋಯ್ತದೆ. ನಿನ್ ಸೊಸೆ ತವರಲ್ಲಿ ಕುಂತಿಲ್ವಾ?"

ಅವತ್ತು ಸಂಜೆವರೆಗೂ ಎದುರುಮನೆ ಬಾಗಿಲು ಮುಚ್ಚಿತ್ತು. ಅವಳು ಒಳಗೇ ಇದ್ದಳು, ಕೆಮ್ಮು ಕೇಳಿಸುತ್ತಿತ್ತು.

ಎರಡು: ಬಿಗಿ, ಸಡಿಲ

ಓದಿದೋರು ಹೇಳಿದ್ದು ನಮಗೆ ಅರ್ಥ ಆಗಲ್ಲ ಅನ್ನೋದು ಓದಿದೋರು ಹುಟ್ಟಿಸಿದ ಸುಳ್ಳು. ನನ್ನ ಮೊಮ್ಮಗಳು ಒಲೆ ಮುಂದೆ ಕೂರಿಸಿ ಐದು ನಿಮಿಷದಲ್ಲಿ ಹೇಳಿಕೊಟ್ಟಳು.

ರೊಟ್ಟಿ ಹೆಂಚು ಕಾದಿತ್ತು. ನೈಲಾನ್ ದಾರದ ಒಂದು ತುಂಡನ್ನು ಅದರ ಹತ್ತಿರ ಸುಮ್ಮನೆ ಇಳಿಬಿಟ್ಟಳು. ಮುಟ್ಟಿದ ಬಸವನಹುಳುವಿನ ಹಾಗೆ ದಾರ ಮುದುರಿ ಗಿಡ್ಡವಾಯಿತು. ಇನ್ನೊಂದು ತುಂಡನ್ನು ಎರಡು ಕಡೆಯಿಂದ ಬಿಗಿಯಾಗಿ ಎಳೆದು ಹಿಡಿದು ಅದೇ ಶಾಖ ಕೊಟ್ಟಳು. ಅದು ಮುದುರಲಿಲ್ಲ. ಒಳಗಿನ ಎಳೆಗಳೆಲ್ಲ ಸಾಲಾಗಿ ಕೂತು ಗಟ್ಟಿಯಾಗ್ತವೆ ಅಜ್ಜಿ ಅಂದಳು. ಬಿಗಿ ಹಿಡಿದು ಕಾಯಿಸಬೇಕು, ಹದ ಮೀರಿ ಕಾಯಿಸಬಾರದು, ಮೀರಿದರೆ ಕರಗಿ ಹೋಗುತ್ತೆ. ಇಷ್ಟೇ ಅವಳ ಅರ್ಧ ಓದು.

ನಾನಂದೆ, ಇದೇನವ್ವ ಹೊಸದು, ನಿಮ್ಮ ತಾತನ್ನ ನಾನು ಮದುವೆಯಾದಾಗಿಂದ ಹಿಂಗೇ ಅಲ್ವಾ ಇಟ್ಟಿರೋದು.

ಜಗುಲಿ ಮೇಲೆ ಎಲೆ ಅಡಿಕೆ ಹಾಕ್ತಾ ಕೂತಿದ್ದ ನಮ್ಮ ಯಜಮಾನರು ಅಲ್ಲಿಂದಲೇ ಹೇಳಿದರು, "ಊಂ ಕಣವ್ವ, ಅದ್ಕೇ ಇನ್ನೂ ಕಿತ್ತೋಗಿಲ್ಲ. ಕರಗೋದೊಂದು ಬಾಕಿ ಐತೆ."

ಮೂರು: ತಮ್ಮನ ಹಗ್ಗ

ಪಾಂಡವಪುರದ ಹತ್ತಿರ ನನ್ನ ತಮ್ಮನದೊಂದು ಆಲೆಮನೆ. ಅವನು ಹೊಸದಾಗಿ ಒಂದು ಸೀಮೆಹಸು ತಂದಿದ್ದ. ಅದು ಕಟ್ಟಿದ ಹಗ್ಗವನ್ನೆಲ್ಲ ಕಿತ್ತು ಪಕ್ಕದ ಹೊಲಕ್ಕೆ ನುಗ್ಗೋದು. ಹೊಲದವನು ಬಂದು ಬಾಯಿಗೆ ಬಂದ ಹಾಗೆ ಬಯ್ಯೋದು. ನಾನು ಹೋದವಳು ಸುಮ್ಮನಿರಲಾರದೆ, ನನ್ನ ಮೊಮ್ಮಗಳ ವಿದ್ಯೆಯನ್ನು ಅಲ್ಲಿ ಬಿಚ್ಚಿದೆ. ನೈಲಾನ್ ಹಗ್ಗ ತಾ, ಬಿಗಿಯಾಗಿ ಎಳೆದು ಕಟ್ಟು, ಹದವಾಗಿ ಕಾಯಿಸು, ಆನೆ ಎಳೆದರೂ ಬರಲ್ಲ ಅಂದೆ.

ನಮ್ಮ ತಮ್ಮ ಮಾತು ಕೇಳೋದು ಊಟಕ್ಕೆ ಕೂತ ಹಾಗೆ. ಬೇಕಾದ್ದು ತಿಂತಾನೆ, ಮಿಕ್ಕಿದ್ದು ಎಲೆ ಬದಿಗೆ ತಳ್ತಾನೆ. ಬಿಗಿ ಅನ್ನೋದನ್ನು ಬದಿಗೆ ತಳ್ಳಿ, ಕಾಯಿಸು ಅನ್ನೋದನ್ನು ಮಾತ್ರ ತಿಂದ. ಕಾಯಿಸಕ್ಕೆ ಅವನ ಹತ್ತಿರ ಇರೋದು ಏನು? ಕಬ್ಬಿನ ಹಾಲು ಕುದಿಯೋ ಕೊಪ್ಪರಿಗೆ. ಪಾಕ ಬರೋ ಹೊತ್ತಿಗೆ ಸರಿಯಾಗಿ ಹೊಸ ಹಗ್ಗದ ಸುರುಳಿಯನ್ನು ಅದರೊಳಕ್ಕೆ ಬಿಟ್ಟ.

ಹಗ್ಗ ಹೊರಗೆ ಬಂದಾಗ ಗಿಡ್ಡವಾಗಿ, ಸೆಟೆದುಕೊಂಡು, ಮೈಮೇಲೆಲ್ಲ ಬೆಲ್ಲ ಮೆತ್ತಿಕೊಂಡು ಕಡ್ಡಿಮಿಠಾಯಿ ಥರ ಇತ್ತಂತೆ. ನಮ್ಮ ತಮ್ಮ ಕೈಯಲ್ಲಿ ಬಡಿದು ನೋಡಿ, ಕಬ್ಬಿಣ ಆಗೈತೆ ಅಂತ ಖುಷಿಪಟ್ಟು ಹಸು ಕಟ್ಟಿದ. ಹಸು ಅಂಥ ಹಗ್ಗವನ್ನು ಹುಟ್ಟಿದಾಗಿಂದ ನೋಡಿರಲಿಲ್ಲ. ಎಳೆಯೋ ಗೋಜಿಗೇ ಹೋಗದೆ ನೆಕ್ಕಿತು. ನೆಕ್ಕಿ ನೆಕ್ಕಿ ಮೆದು ಮಾಡಿ, ಅಗಿದು ತುಂಡು ಮಾಡಿ, ಬಾಯಿ ಸಿಹಿಯಾಗಿದ್ದಾಗಲೇ ಪಕ್ಕದ ಹೊಲಕ್ಕೆ ಹೋಯಿತು.

ಮಾರನೇ ಭಾನುವಾರ ತಮ್ಮ ನಮ್ಮನೆಗೆ ಬಂದು ಮೊಮ್ಮಗಳ ಮುಂದೆ ನಿಂತು, ನಿನ್ನ ಓದೆಲ್ಲ ಬೂಟಾಟಿಕೆ ಅಂದ. ಅವಳು ಪೂರ್ತಿ ಕೇಳಿಸಿಕೊಂಡು, "ಚಿಕ್ತಾತ, ಗಟ್ಟಿ ಮಾಡೋದು ನಾವು. ನೀವು ಮಾಡಿರೋದು ರುಚಿ" ಅಂದಳು.

ನನಗೆ ಬೇರೆ ಯೋಚನೆ. "ಲೋ, ಆ ಕೊಪ್ಪರಿಗೆ ಬೆಲ್ಲ ಏನ್ ಮಾಡ್ದೆ ಕಣ್ಲಾ?" ಅಂತ ಕೇಳಿದೆ.

ಅವನು ಚಪ್ಪಲಿ ಮೆಟ್ಟಿಕೊಳ್ತಾ ಹೇಳಿದ, "ನಿಮ್ಮನೆಗೇ ಕಳಿಸಿದ್ನಲ್ಲಕ್ಕ. ಪಾಯಸ ಚೆಂದಾಗಿತ್ತು ಅಂದ್ಯಲ್ಲ."

ನಾಲ್ಕು: ಅರಿಶಿನ ಹತ್ತದ ದಾರ

ನಮ್ಮ ಕಡೆ ತಾಳಿ ಇರಬೇಕಾದ್ದು ಅರಿಶಿನ ಬಳಿದ ನೂಲಿನ ದಾರದಲ್ಲಿ. ಬೆವರಿಗೆ ನೀರಿಗೆ ಅದು ಬೇಗ ಲಡ್ಡಾಗಿ ಕಿತ್ತುಹೋಗುತ್ತೆ, ಮತ್ತೆ ಹೊಸದು ಪೋಣಿಸಬೇಕು. ಒಂದು ಸಲ ಬಟ್ಟೆ ಒಗೆಯುವಾಗ ಕಾವೇರಿಯಲ್ಲೇ ಕಿತ್ತುಹೋಗಿ, ತಾಳಿ ಹುಡುಕಕ್ಕೆ ಸೋಪಾನಕಟ್ಟೆಯ ಹೆಂಗಸರೆಲ್ಲ ನೀರಿಗೆ ಇಳಿದಿದ್ದರು. ಅದಕ್ಕೆ ಮೊಮ್ಮಗಳನ್ನು ಕೇಳಿದೆ, ನಿನ್ನ ಗಟ್ಟಿ ದಾರದಲ್ಲಿ ನನಗೊಂದು ಕೊಡವ್ವ ಅಂತ. ಕೊಟ್ಟಳು. ಗಟ್ಟಿಯೇನೋ ಗಟ್ಟಿ. ಆದರೆ ಅರಿಶಿನ ಹತ್ತಲ್ಲ. ಎಷ್ಟು ತಿಕ್ಕಿದರೂ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಜಾರಿಹೋಗುತ್ತೆ. ಬಿಳಿ ದಾರದಲ್ಲಿ ತಾಳಿ ಹಾಕಿಕೊಂಡು ಬೀದಿಯಲ್ಲಿ ಹೋದರೆ ಜನ ನಮ್ಮ ಯಜಮಾನರಿಗೆ ಏನಾಯ್ತು ಅಂತ ವಿಚಾರಿಸಕ್ಕೆ ಬರ್ತಾರೆ.

ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. ಇದಕ್ಕೇ ಅಜ್ಜಿ ನನ್ನ ಇನ್ನರ್ಧ ಓದು ಅಂತ ದಾರ ವಾಪಸು ತಗೊಂಡು ಹೋದಳು. ಒಂದು ಗಾಜಿನ ಜಾಡಿಯಂತೆ. ಅದರೊಳಗೆ ದಾರ ಇಟ್ಟು, ಗಾಳಿಯನ್ನೆಲ್ಲ ಎಳೆದು ತೆಗೆದು, ಕರೆಂಟು ಕೊಟ್ಟರೆ ಉಳಿದ ಚೂರು ಗಾಳಿಯೇ ನೇರಳೆ ಹಣ್ಣಿನ ಬಣ್ಣದಲ್ಲಿ ಉರಿಯುತ್ತಂತೆ. ಪ್ಲಾಸ್ಮಾ ಅಂತ ಹೆಸರು. ಆ ಬೆಳಕು ದಾರದ ಮೈಯನ್ನು ಸಣ್ಣಗೆ ಉಜ್ಜಿ ತರಿ ಮಾಡುತ್ತೆ, ಆಮೇಲೆ ಬಣ್ಣ ಹಿಡಿಯುತ್ತೆ, ಟೈರಿನ ಒಳಗಿನ ದಾರಕ್ಕೆ ರಬ್ಬರು ಕಚ್ಚಿಕೊಳ್ಳುತ್ತೆ. ಜಾಸ್ತಿ ಹೊತ್ತು ಇಟ್ಟರೆ ಮಾತ್ರ ದಾರದ ಶಕ್ತಿಯೇ ಹೋಗುತ್ತೆ. ಎಣ್ಣೆ ನೀರು ಹಾಕುವಾಗ ಮೈ ಉಜ್ಜಿದ ಹಾಗೆ ಅಂದುಕೊಳ್ಳಿ. ಹದವಾಗಿ ಉಜ್ಜಿದರೆ ಕಳೆ, ನಮ್ಮತ್ತೆ ಉಜ್ಜುತ್ತಿದ್ದ ಹಾಗೆ ಉಜ್ಜಿದರೆ ಚರ್ಮ ಕೈಗೆ ಬರುತ್ತೆ.

ಆ ದಾರ ಮನೆಗೆ ಬಂತು. ಅರಿಶಿನ ಕಲಸಿ ತಿಕ್ಕಿದೆ. ಹತ್ತಿತು ನೋಡಿ, ಹೊನ್ನಿನ ಹಾಗೆ. ಇಡೀ ಶ್ರೀರಂಗಪಟ್ಟಣ ತಾಲೂಕಿನಲ್ಲಿ ಮೊಮ್ಮಗಳು ಮಾಡಿಕೊಟ್ಟ ದಾರದಲ್ಲಿ ತಾಳಿ ಹಾಕಿಕೊಂಡೋಳು ನಾನೊಬ್ಬಳೇ. ಸೆಕೆ ಅನ್ನೋ ನೆಪದಲ್ಲಿ ಸೆರಗು ಸರಿಸಿ ಸರಿಸಿ ಎಲ್ಲರಿಗೂ ತೋರಿಸಿದೆ. ಯಜಮಾನರು ಮಾತ್ರ ಮುಟ್ಟಿ ನೋಡಿ, ಕಿತ್ತೋಗೋ ದಾರ ಇದ್ದಾಗ ಒಂದು ಆಸೆಯಾದರೂ ಇತ್ತು ಅಂದರು.

ಆ ಹೊತ್ತಿಗೆ ಮೊಸರಿಗೆ ಹೆಪ್ಪು ಕೇಳಕ್ಕೆ ಎದುರುಮನೆಯವಳು ಬಂದಳು. ಅವಳಿಗೂ ತೋರಿಸಿದೆ. ಗಾಜಿನ ಜಾಡಿ, ನೇರಳೆ ಬೆಳಕು ಎಲ್ಲ ಹೇಳಿದೆ. ಬೆಳಕು ಸರಿಯಾಗಿ ಕಾಣಲಿ ಅಂತ ಕೋಣೆಯನ್ನು ಕತ್ತಲೆ ಮಾಡ್ತಾರೆ ಅಂತಲೂ ಹೇಳಿದೆ.

"ಕತ್ತಲೆ ಕೋಣೇಲಾ?"

"ಊಂ."

"ಮೇಷ್ಟ್ರೂ ಇರ್ತಾರಾ ಅಕ್ಕ?"

"ಮೇಷ್ಟ್ರಿಲ್ದೆ ಓದು ಎಂಗಾದದು?"

ಅವಳು ಬಟ್ಟಲನ್ನು ನಮ್ಮ ಜಗುಲಿ ಮೇಲೇ ಬಿಟ್ಟು ಹೊರಟೇಹೋದಳು. ಹೆಪ್ಪು ಸಿಕ್ಕಿತ್ತಲ್ಲ.

ಐದು: ಸುದ್ದಿ ಬಸ್ಸು ಹತ್ತಿತು

ಸುದ್ದಿ ಕಟ್ಟೋದರಲ್ಲಿ ನನಗೂ ಒಂದಷ್ಟು ಅನುಭವ ಇದೆ. ಯಾವ ಕೀಲು ಎಲ್ಲಿ ಕೂರಿಸಿದ್ದಾರೆ ಅಂತ ನೋಡಿದ ಕೂಡಲೇ ಹೇಳಬಲ್ಲೆ. ನಮ್ಮೂರಿನಿಂದ ಹೊರಡುವಾಗ ಅದು ಬರೀ ಕತ್ತಲೆ ಕೋಣೆಯಾಗಿತ್ತು. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಅದರೊಳಗೆ ಮೇಷ್ಟ್ರನ್ನು ಕೂರಿಸಿದರು. ಪಾಂಡವಪುರದಲ್ಲಿ ಮೇಷ್ಟ್ರ ವಯಸ್ಸು ಇಳಿಸಿದರು. ಕೆ.ಆರ್. ಪೇಟೆಯಲ್ಲಿ ಅವನಿಗೆ ಮೋಟರ್ ಸೈಕಲ್ ಕೊಡಿಸಿದರು. ಸಿಂಧಘಟ್ಟ ಮುಟ್ಟೋ ಹೊತ್ತಿಗೆ ನನ್ನ ಮೊಮ್ಮಗಳಿಗೆ ಅರಿಶಿನ ದಾರದಲ್ಲಿ ಗುಟ್ಟಾಗಿ ತಾಳಿ ಬಿದ್ದು, ಹುಳಿ ತಿನ್ನೋ ಆಸೆಯೂ ಶುರುವಾಗಿತ್ತು. ಕೆಲಸಗಾರಿಕೆ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಒಂದು ಮಾತಿದೆ. ಬೇರೆಯವರ ಮನೆದು ನಾನು ಹೇಳಿದರೆ ಅದು ಸಮಾಚಾರ, ನನ್ನ ಮನೆದು ಬೇರೆಯವರು ಹೇಳಿದರೆ ಅದು ಚಾಡಿ.

ಅಳಿಯಂದಿರು ಬೆಳಿಗ್ಗೆ ಮೊದಲನೇ ಬಸ್ಸಿಗೇ ನಮ್ಮನೆಗೆ ಬಂದರು. ಬಿಳೀ ಪಂಚೆ, ಬಿಳೀ ಅಂಗಿ, ಕೆಂಪು ಕಣ್ಣು. ಕಾಫಿ ಬೇಡ ಅಂದರು. ಅಳಿಯ ಕಾಫಿ ಬೇಡ ಅಂದರೆ ಅದು ಯುದ್ಧ ಅಂತಲೇ ಲೆಕ್ಕ.

"ನಡೀರಿ ಅತ್ತೆ, ನಾಗಮಂಗ್ಲಕ್ಕೆ. ನಿಮ್ ಕಣ್ಣೆದುರ್ಗೇ ಕರ್ಕಂಡ್ ಬತ್ತೀನಿ. ಬರೋ ತಿಂಗ್ಳು ನನ್ನಕ್ಕನ್ ಮಗಂಗೆ ಧಾರೆ."

ದಾರಿಯುದ್ದಕ್ಕೂ ನಾನು ಹೇಳಿದೆ, ನೀವಂದುಕೊಂಡ ಹಾಗೆ ಏನೂ ಇಲ್ಲ, ಅದು ಪ್ಲಾಸ್ಮಾ ಅಂತ. ಅವರು ಕಿಟಕಿ ಕಡೆ ಮುಖ ಮಾಡಿಕೊಂಡು, "ಅವನ ಹೆಸರೇನಾದ್ರೂ ಆಗ್ಲಿ" ಅಂದರು.

ಆರು: ಕತ್ತಲೆ ಕೋಣೆಯಲ್ಲಿ

ಕಾಲೇಜಿನಲ್ಲಿ ಕೇಳಿಕೊಂಡು ಹೋದರೆ ನಿಜವಾಗಲೂ ಕತ್ತಲೆ ಕೋಣೆ. ಕಿಟಕಿಗೆಲ್ಲ ಕಪ್ಪು ಪರದೆ. ನಾನೂ ಒಂದು ಸಲ ಮನೆದೇವರನ್ನು ನೆನೆಸಿಕೊಂಡೆ. ಅಳಿಯಂದಿರು ಬಾಗಿಲು ತಳ್ಳಿದರು.

ಗಾಜಿನ ಜಾಡಿಯಲ್ಲಿ ನೇರಳೆ ಬೆಳಕು. ಒಂದು ಕಡೆ ಮೊಮ್ಮಗಳು, ಇನ್ನೊಂದು ಕಡೆ ಮೇಷ್ಟ್ರು. ಮೇಷ್ಟ್ರನ್ನು ನೋಡಿ ನನಗೆ ನಿರಾಸೆಯಾಯಿತು, ಸುಳ್ಳು ಯಾಕೆ ಹೇಳಲಿ. ನುಣ್ಣನೆ ತಲೆ, ಸೋಡಾ ಬಾಟಲಿ ತಳದಂಥ ಕನ್ನಡಕ, ಅಂಗಿಯ ಗುಂಡಿ ಒಂದರದ್ದು ಇನ್ನೊಂದಕ್ಕೆ ಹಾಕಿಕೊಂಡ, ಪಿಂಚಣಿ ಹತ್ತಿರದ ಮನುಷ್ಯ. ಇವರ ಮೇಲೆ ಅಂಥ ಕತೆ ಕಟ್ಟಿದರಲ್ಲ, ಕಟ್ಟಿದವರಿಗೆ ಮೊದಲು ಕನ್ನಡಕ ಕೊಡಿಸಬೇಕು.

ಅವರು ನಮ್ಮನ್ನು ತಿರುಗಿಯೂ ನೋಡಲಿಲ್ಲ. ಬಾಗಿಲು ಹಾಕಿ, ಬೆಳಕು ಬರುತ್ತೆ ಅಂದರು. ಆಮೇಲೆ ದಾರದ ತುದಿಯೊಂದನ್ನು ಅಳಿಯಂದಿರ ಕೈಗೆ ಕೊಟ್ಟು, ಬಿಗಿಯಾಗಿ ಹಿಡ್ಕೊಳ್ಳಿ ಅಂದರು. ಮಗಳನ್ನು ಎಳೆದುಕೊಂಡು ಹೋಗಕ್ಕೆ ಬಂದಿದ್ದ ಮನುಷ್ಯ, ಮೇಷ್ಟ್ರು ಹೇಳಿದ ಕೂಡಲೇ ಕೈ ಚಾಚಿ ಹಿಡಿದುಕೊಂಡು ನಿಂತರು. ಸ್ಕೂಲಿನಲ್ಲಿ ತಿಂದ ಬೆತ್ತದ ಏಟು ಮೈ ಬಿಟ್ಟು ಅಷ್ಟು ಸುಲಭಕ್ಕೆ ಹೋಗಲ್ಲ.

ಸ್ವಲ್ಪ ಹೊತ್ತಿಗೆ ತಾವು ಬಂದ ಕೆಲಸ ನೆನಪಾಯಿತು. ಮೇಷ್ಟ್ರ ಮೇಲೆ ಬೀಳಬೇಕಾದ ಕೋಪ ಬೀಳಕ್ಕೆ ಜಾಗ ಸಿಗದೆ ದಾರದ ಮೇಲೆ ಬಿತ್ತು. ಗಾಳದ ದಾರದಷ್ಟು ದಪ್ಪ ಇತ್ತು ಅದು, ಕಾಯಿಸಿ, ಬೆಳಕಿನಲ್ಲಿಟ್ಟು ತೆಗೆದದ್ದು.

"ಇದ್ಕಾ ಇಷ್ಟ್ ದಿನ? ಇದುನ್ನ ನಾನು ಕೈಯಲ್ಲೇ ಕಿತ್ತಾಕ್ತೀನಿ. ಕಿತ್ತೋದ್ರೆ ಗಂಟುಮೂಟೆ ಕಟ್ಟು, ಮನೆಗ್ ನಡಿ."

ನನ್ನ ಮೊಮ್ಮಗಳಲ್ಲವಾ, ಕೇಳಿದಳು, "ಕಿತ್ತೋಗ್ದಿದ್ರೆ ಅಪ್ಪ?"

"ಕಿತ್ತೋಗ್ದಿದ್ರೆ ನಿನ್ ಓದು ಮುಗಿಯೋಗಂಟ ಮದ್ವೆ ಅನ್ನೋ ಮಾತು ನನ್ ಬಾಯಲ್ಲಿ ಬರಲ್ಲ."

ಒಂದು ತುದಿಯನ್ನು ಕಿಟಕಿಯ ಕಬ್ಬಿಣದ ಸರಳಿಗೆ ಬಿಗಿದರು. ಹೆಗಲ ಮೇಲಿನ ಟವಲನ್ನು ಎರಡು ಕೈಗೂ ಸುತ್ತಿಕೊಂಡು ಅದರ ಮೇಲೆ ಇನ್ನೊಂದು ತುದಿಯನ್ನು ಸುತ್ತಿ ಸುತ್ತಿ ಬಿಗಿ ಮಾಡಿಕೊಂಡರು. ಗೋಡೆಗೆ ಕಾಲು ಕೊಟ್ಟು ಎಳೆದರು. ಓಡೋ ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸೋ ಆಳು ಅವರು. ಕುತ್ತಿಗೆ ನರ ಉಬ್ಬಿತು, ಮುಖ ಕೆಂಪಾಯಿತು, ಉಸಿರು ಕಟ್ಟಿತು. ಮೊಮ್ಮಗಳು ಕಣ್ಣು ಮುಚ್ಚಿಕೊಂಡಳು.

ಪಟ್ ಅಂತ ಶಬ್ದವಾಯಿತು.

ಮುಗೀತು ಇವಳ ಓದು ಅಂದುಕೊಂಡೆ. ನೋಡಿದರೆ ದಾರ ಇದ್ದ ಹಾಗೇ ಇದೆ. ಕಿತ್ತುಹೋಗಿದ್ದು ಅಳಿಯಂದಿರ ಉಡುದಾರ. ಪಂಚೆ ನಿಂತಿದ್ದೇ ಆ ದಾರದ ಮೇಲೆ. ಅದು ನಿಧಾನವಾಗಿ ಇಳಿಯಿತು. ಹಿಡಿದುಕೊಳ್ಳೋಣ ಅಂದರೆ ಎರಡು ಕೈಯನ್ನೂ ಅವರೇ ಬಿಗಿದುಕೊಂಡಿದ್ದರು. ನಮ್ಮಲ್ಲಿ ಅತ್ತೆ ಮುಂದೆ ಅಳಿಯ ಬರೀ ಮೈಯಲ್ಲಿ ಕೂರೋದೂ ಇಲ್ಲ. ನಾನು ಪಟ್ಟನೆ ಗೋಡೆ ಕಡೆ ತಿರುಗಿದೆ. ತಿರುಗೋ ಮುಂಚೆ ಪಟಾಪಟಿ ಚಡ್ಡಿಯದು ನೀಲಿ ಪಟ್ಟೆ ಅನ್ನೋದು ಕಂಡುಹೋಯಿತು. ಅದು ಕಣ್ಣಿನ ತಪ್ಪು, ನನ್ನದಲ್ಲ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. ಬಗ್ಗಿ ದಾರವನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದರು. ಬಹಳ ಸಂತೋಷದಿಂದ ಹೇಳಿದರು, "ಏನೂ ಆಗಿಲ್ಲ."

ಗಂಡಸು ಒಂದು ಗಳಿಗೆಯೂ ಉಡುದಾರ ಇಲ್ಲದೆ ಇರಬಾರದು ಅನ್ನೋದು ನಮ್ಮ ಹಿರಿಯರ ಕಾಲದ ಕಟ್ಟಳೆ. ಹಳೆಯದನ್ನು ಬಿಚ್ಚೋ ಮುಂಚೆ ಹೊಸದು ಕಟ್ಟಬೇಕು. ಇನ್ನು ಉಡುದಾರಕ್ಕೆ ಕತ್ತರಿ ಹಾಕೋದು ಸತ್ತ ಮೇಲೆ ಮಾತ್ರ. ಆ ಕೋಣೆಯಲ್ಲಿ ಇದ್ದ ದಾರ ಒಂದೇ ಥರದ್ದು. ಮೊಮ್ಮಗಳು ಮುಖ ಆ ಕಡೆ ಮಾಡಿಕೊಂಡೇ ಅಪ್ಪನ ಕೈ ಬಿಡಿಸಿ, ಒಂದು ಮಾರು ದಾರ ಕತ್ತರಿಸಿ ಕೊಟ್ಟಳು. ಅಳಿಯಂದಿರು ಬಾಗಿಲ ಹಿಂದೆ ಹೋಗಿ ಗಂಟು ಹಾಕಿಕೊಂಡು, ಪಂಚೆ ಸರಿಮಾಡಿಕೊಂಡು, ಮೇಷ್ಟ್ರಿಗೆ ಕೈ ಮುಗಿದು ಹೊರಗೆ ಬಂದರು. ಬಸ್ಸಿನಲ್ಲಿ ಒಂದು ಮಾತಾಡಲಿಲ್ಲ. ನಾನೂ ಆಡಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ದೂರ ಬಾಯಿ ಮುಚ್ಚಿಕೊಂಡು ಬಂದಿದ್ದು ಅದೊಂದೇ ಸಲ.

ಮುಂದಿನದ್ದನ್ನು ಹೇಳಿದ್ದು ಗೌರಿ ಹಬ್ಬಕ್ಕೆ ಬಂದ ನನ್ನ ಮಗಳು. ಮನೆಗೆ ಹೋದ ಮೇಲೆ ಅಳಿಯಂದಿರು ಪದ್ಧತಿ ಪ್ರಕಾರ ಹೊಸ ಕರೀ ಉಡುದಾರ ಕಟ್ಟಿಕೊಂಡು, ಇದನ್ನು ಬಿಚ್ಚಕ್ಕೆ ಕೂತರಂತೆ. ಗಂಟು ಬರಲಿಲ್ಲ. ಬೇರೆ ನೈಲಾನಾದರೆ ನುಣುಪಿಗೆ ಗಂಟು ತಾನೇ ಜಾರುತ್ತೆ. ಇದರ ಮೈಯನ್ನು ನಮ್ಮ ಹುಡುಗಿ ತರಿ ಮಾಡಿದ್ದಳಲ್ಲ, ಗಂಟು ಕಚ್ಚಿಕೊಂಡು ಕೂತಿತ್ತು. ಎಣ್ಣೆ ಬಿಟ್ಟರು, ಸೀಗೆಪುಡಿ ಹಾಕಿದರು, ಹಲ್ಲಿಗೆ ಸಿಗುತ್ತಾ ಅಂತ ಬಗ್ಗಿ ಸೊಂಟ ಉಳುಕಿಸಿಕೊಂಡರು. ಕತ್ತರಿ ಹಾಕೋ ಹಾಗಿಲ್ಲ, ಎಳೆದರೆ ಕಿತ್ತುಹೋಗಲ್ಲ ಅನ್ನೋದನ್ನು ಅವರೇ ಪರೀಕ್ಷೆ ಮಾಡಿ ನೋಡಿದ್ದಾರೆ. ಇದರ ಮಧ್ಯೆ ಅವರಕ್ಕ ಬಂದು, ಧಾರೆ ಯಾವಾಗ ಇಟ್ಟುಕೊಳ್ಳೋಣ ಅಂತ ಕೇಳಿದಳಂತೆ. ಅಳಿಯಂದಿರು ಸೊಂಟ ಹಿಡಿದುಕೊಂಡು, ಮಗಳು ಓದ್ತಾವಳೆ, ಗಲಾಟೆ ಮಾಡ್ಬೇಡ ಹೋಗು ಅಂದರಂತೆ.

ಕಡೆಗೆ ತಾವೇ ನಾಗಮಂಗಲಕ್ಕೆ ಹೋಗಿ ಮಗಳನ್ನು ಹೊರಗೆ ಕರೆದು ಮೆಲ್ಲಗೆ ಕೇಳಿದರು. ಅವಳು ಯೋಚನೆ ಮಾಡಿ, ಗಟ್ಟಿ ಮಾಡೋದು, ಹಿಡಿಯೋ ಹಾಗೆ ಮಾಡೋದು ಇಷ್ಟನ್ನೇ ಅಪ್ಪ ಇಲ್ಲಿವರೆಗೆ ಓದಿರೋದು, ಬಿಡಿಸೋದಕ್ಕೆ ಇನ್ನೂ ಮುಂದೆ ಓದಬೇಕು ಅಂದಳು.

"ಎಷ್ಟ್ ಬೇಕಾದ್ರೂ ಓದವ್ವ," ಅಂದರಂತೆ ಅಳಿಯಂದಿರು. "ಆದ್ರೆ ಈ ಪಾಠ ಮೊದ್ಲು ಓದ್ಬುಡು."